ಬೇಗೂರಿಗೆ ತಡವಾಗಿ ಬಂದವರು

ಯಾರಾದರೂ ದೆವ್ವ ಕಂಡೆ ಎಂದರೆ ನಾನು ಕೇಳುತ್ತಿದ್ದದ್ದು ಒಂದೇ ಮಾತು: ಆಧಾರ ಏನು? ಜಯನಗರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡಿಯೇ ಕೂದಲು ನೆರೆಸಿಕೊಂಡವನು ನಾನು. ಇಂಥ ಕಥೆಗಳಿಗೆ ನಗುವುದು ನನಗೊಂದು ಚಟವಾಗಿತ್ತು. ಈಗ ನಾನು ಹೇಳಹೊರಟಿರುವುದಕ್ಕೂ ಆಧಾರವಿಲ್ಲ. ನೀವು ನಕ್ಕರೆ ಬೇಸರಪಡುವ ಹಕ್ಕು ನನಗಿಲ್ಲ.

ನನ್ನ ಅಧ್ಯಯನದ ವಿಷಯ ಈ ಸೀಮೆಯ ಒಂದು ಪಾಳೆಯಗಾರ ಮನೆತನದ ಒಳಯುದ್ಧ. ಪಟ್ಟಕ್ಕಾಗಿ ಅಣ್ಣ ತಮ್ಮಂದಿರು ಎರಡು ದಂಡು ಕಟ್ಟಿಕೊಂಡು ಬಡಿದಾಡಿದರು. ಇಂಥ ಯುದ್ಧವನ್ನು ಓದುವುದು ಕಷ್ಟ. ಎರಡೂ ಕಡೆ ಇದ್ದವರು ನೆಂಟರೇ. ಗೆದ್ದವರು ಲಾವಣಿ ಕಟ್ಟಿಸುತ್ತಾರೆ, ಸೋತವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ನಾವು ನೆಲವನ್ನು ಕೇಳಬೇಕಾಗುತ್ತದೆ. ದಾರಿ ಎಷ್ಟು ದೂರ, ನೀರು ಎಲ್ಲಿತ್ತು, ಹೊರೆ ಹೊತ್ತ ಆಳು ಹೊತ್ತು ಮುಳುಗುವುದರೊಳಗೆ ಎಲ್ಲಿಗೆ ಮುಟ್ಟಬಲ್ಲ? ಅನುಮಾನ ಬಂದರೆ ನಾನೇ ಒಂದು ಅಕ್ಕಿ ಚೀಲ ಬೆನ್ನಿಗೆ ಕಟ್ಟಿಕೊಂಡು ನಡೆದು ನೋಡುತ್ತಿದ್ದೆ. "ರಿಟೈರ್ ಆದ್ಮೇಲೆ ಹಮಾಲಿಗೆ ಸೇರ್ಕೊಂಡ್ರಾ?" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ಅಣ್ಣನ ದಂಡು ಬೇಗೂರಿನಲ್ಲಿತ್ತು. ಅದರ ನೆರವಿಗೆಂದು ತಲಘಟ್ಟಪುರದ ಕಡೆಯಿಂದ ಹೊರಟ ಪಡೆ ಗೊಟ್ಟಿಗೆರೆ ದಾಟಿದ್ದು ಮಧ್ಯಾಹ್ನ, ಬೇಗೂರು ಮುಟ್ಟಿದ್ದು ಕತ್ತಲಾದ ಮೇಲೆ. ಅಷ್ಟರಲ್ಲಿ ಅಣ್ಣನ ದಂಡು ಸೋತು ಎಲ್ಲ ಮುಗಿದುಹೋಗಿತ್ತು. ದಾರಿಯಲ್ಲಿ ನೀರು ಅಡ್ಡ ಬಂತು ಎಂದು ಆ ಪಡೆಯ ನಾಯಕ ಹೇಳಿದನಂತೆ. ಕಡು ಬೇಸಿಗೆಯಲ್ಲಿ ಎಲ್ಲಿಯ ನೀರು ಎಂದು ಲಾವಣಿ ಅವನನ್ನು ಹಂಗಿಸುತ್ತದೆ. ತಮ್ಮನ ಕಡೆ ಸೇರಿಕೊಂಡು ಬೇಕೆಂದೇ ತಡ ಮಾಡಿದ ಎಂದು ಜನ ನಂಬಿದರು. ನಾನೂ ನಂಬಿದ್ದೆ.

ಗೊಟ್ಟಿಗೆರೆಯ ನಂದಿನಿ ನನ್ನ ಹಳೆಯ ವಿದ್ಯಾರ್ಥಿನಿ, ಆ ನಾಯಕನ ವಂಶದವಳು. ಅವಳು ಮೆಚ್ಚಿದ ಹುಡುಗ ಬೇಗೂರಿನವನು. ಎರಡೂ ಮನೆಯವರು ಒಪ್ಪಿದ್ದರೂ ಹುಡುಗನ ಅಜ್ಜ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು: "ಆ ಮನೆಯಿಂದ ನಾವು ಹೆಣ್ಣು ತರಲ್ಲ. ನಮ್ಮೋರು ಸಾಯ್ತಿದ್ದಾಗ ಬರ್ದೆ ಹೋದೋರು." ನಂದಿನಿ ನನ್ನನ್ನು ಅವರ ಬಳಿ ಕರೆದೊಯ್ದಳು. ನಾನೋ ದೊಡ್ಡ ಪಂಡಿತನ ಹಾಗೆ, "ನೆಲ ಸುಳ್ಳು ಹೇಳಲ್ಲ ಅಜ್ಜ, ನಡೆದು ನೋಡೋಣ" ಎಂದುಬಿಟ್ಟೆ. ಅವರು ಆ ಮಾತನ್ನೇ ಹಿಡಿದುಕೊಂಡರು. "ಆಯ್ತು ಮೇಷ್ಟ್ರೇ. ಹೊರೆ ಹೊತ್ಕೊಂಡು ಹೊತ್ತು ಮುಳುಗೋದ್ರೊಳಗೆ ನೀವು ಬಂದ್ಬಿಟ್ರೆ ಅವನು ಮೋಸಗಾರ, ಮದುವೆ ಇಲ್ಲ. ಬರಕ್ಕಾಗ್ಲಿಲ್ವಾ, ನಾನೇ ನಿಂತು ಮಾಡಿಸ್ತೀನಿ."

ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಎಷ್ಟೇ ಹೊರೆ ಹೊತ್ತರೂ ಆ ದಾರಿಗೆ ಅರ್ಧ ದಿನ ಬೇಕಿಲ್ಲ. ಬೇಕೆಂದು ನಿಧಾನ ನಡೆದರೆ ಕಲಿತ ವಿದ್ಯೆಗೆ ದ್ರೋಹ. ಸರಿಯಾಗಿ ನಡೆದರೆ ಆ ಹುಡುಗಿಯ ಮದುವೆಯನ್ನು ನಾನೇ ಮುರಿದಂತೆ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ನಂದಿನಿಗೂ ಲೆಕ್ಕ ಗೊತ್ತಿತ್ತು. "ನಿಧಾನಕ್ಕೆ ನಡೀರಿ ಅಂತ ನಾನು ಕೇಳಲ್ಲ ಸಾರ್" ಎಂದಳು. ಕೇಳಿದ್ದರೇ ಚೆನ್ನಾಗಿತ್ತು ಎನಿಸಿತು.

ಬೇಸಿಗೆಯ ಒಂದು ಮಧ್ಯಾಹ್ನ, ಊಟವಾದ ಮೇಲೆ ಗೊಟ್ಟಿಗೆರೆಯಿಂದ ಹೊರಟೆವು. ಅಕ್ಕಿ ಚೀಲ ಬೆನ್ನಿಗೆ ಕಟ್ಟಿಕೊಂಡು ನಾನು ಮುಂದೆ, ಅವಳು ಸ್ವಲ್ಪ ಹಿಂದೆ. ಅಪಾರ್ಟ್‌ಮೆಂಟುಗಳು, ಪಂಕ್ಚರ್ ಅಂಗಡಿ, ಎಳನೀರಿನ ಗಾಡಿ ಎಲ್ಲ ದಾಟಿ ಒಂದು ಹೊಸ ಬಡಾವಣೆಯ ತಿರುವಿಗೆ ಬಂದಾಗ ಕಾಲು ಭಾರವಾಯಿತು. ಬಿಸಿಲಿನ ಝಳ ಎಂದುಕೊಂಡೆ. ಆದರೆ ಪಾದ ತಣ್ಣಗಾಯಿತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ, ಕೊನೆಗೆ ಬೆನ್ನಿನ ಚೀಲವೂ. ಕಣ್ಣಿಗೆ ಕಾಣುತ್ತಿದ್ದದ್ದು ಒಣಗಿದ ಡಾಂಬರು ರಸ್ತೆ. ಕಾಲಿಗೆ ಸಿಗುತ್ತಿದ್ದದ್ದು ಕೆಸರು. ಒಂದು ಹೆಜ್ಜೆ ಕಿತ್ತಿಡುವಷ್ಟರಲ್ಲಿ ಉಸಿರು ಬಾಯಿಗೆ ಬರುತ್ತಿತ್ತು. ನನ್ನ ಸುತ್ತ ತುಂಬಾ ಜನ ಏದುಸಿರು ಬಿಡುತ್ತಿರುವುದು ಕೇಳಿಸಿತು, ಒಬ್ಬರೂ ಕಾಣಲಿಲ್ಲ. ತಿರುಗಿ ನಂದಿನಿಯನ್ನು ಕೂಗಿದೆ. ಅವಳೂ ಇರಲಿಲ್ಲ. ಹೆದರಿಕೊಂಡೆ, ಸುಳ್ಳೇಕೆ ಹೇಳಲಿ. ನಿಂತರೆ ಮುಳುಗುತ್ತೇನೆ ಅನ್ನಿಸಿ ನಡೆಯುತ್ತಲೇ ಇದ್ದೆ.

ಕಾಲಿಗೆ ಗಟ್ಟಿ ನೆಲ ಸಿಕ್ಕಾಗ ಬೇಗೂರು ದೇವಸ್ಥಾನದ ದೀಪಗಳು ಹತ್ತಿದ್ದವು. ನಂದಿನಿ ಅಳುತ್ತಾ ಓಡಿಬಂದಳು. "ಎಲ್ಲಿಗೆ ಹೋಗಿದ್ರಿ ಸಾರ್? ನಿಮ್ಮ ಹಿಂದೇನೇ ಇದ್ದೆ, ತಿರುವಲ್ಲಿ ನೋಡಿದ್ರೆ ನೀವಿಲ್ಲ. ಫೋನೂ ಹೋಗ್ತಿಲ್ಲ. ಅದೇ ರೋಡಲ್ಲಿ ಬಂದು ಆಗಿಂದ ಕಾಯ್ತಿದೀನಿ." ಅವಳ ಚಪ್ಪಲಿಯ ಮೇಲೆ ಧೂಳಿತ್ತು. ನನ್ನ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. "ಹುಡುಗಿ ಮುಖ ನೋಡಿ ಬೇಕಂತ್ಲೇ ತಡ ಮಾಡಿದ್ರಲ್ವಾ ಮೇಷ್ಟ್ರೇ?" ಎಂದರು.

"ಇಲ್ಲ. ದಾರೀಲಿ ನೀರಿತ್ತು" ಎಂದೆ. ಆ ನಾಯಕ ಹೇಳಿದ್ದ ಮಾತೇ ನನ್ನ ಬಾಯಿಂದಲೂ ಬಂದಿತ್ತು.

ಅಜ್ಜ ಬಗ್ಗಿ ನನ್ನ ಪ್ಯಾಂಟಿನ ಅಂಚು ಮುಟ್ಟಿ ನೋಡಿದರು. "ನಮ್ಮೂರ ಕೆರೇಲಿ ಇಳಿದು ಬಂದಿದೀರ" ಎಂದು ತಲೆಯಾಡಿಸಿದರು. ಆಮೇಲೆ ನಂದಿನಿಯ ಕಡೆ ತಿರುಗಿ, "ಆದ್ರೂ ಮಾತು ಮಾತೇ. ನಿಮ್ಮಪ್ಪಂಗೆ ಹೇಳಮ್ಮ, ನಾವು ಬರ್ತೀವಿ ಅಂತ" ಎಂದರು.

ಮನೆಯಲ್ಲಿ ಚೀಲ ಬಿಚ್ಚಿದ ಹೆಂಡತಿ ಅಕ್ಕಿಯನ್ನು ಬೆರಳಲ್ಲಿ ಹಿಸುಕಿ ನೋಡಿದಳು. "ಇದೇನ್ರೀ, ದೋಸೆಗೆ ನೆನೆಸಿದ ಹಾಗಾಗಿದೆ?" ಅಷ್ಟು ನೆನೆಯಬೇಕಾದರೆ ಎಷ್ಟು ಹೊತ್ತು ನೀರಿನಲ್ಲಿರಬೇಕೆಂದು ನಿಮಗೇ ಗೊತ್ತು. ಕೆರೆಯಲ್ಲಿ ಒಮ್ಮೆ ಮುಳುಗಿ ಎದ್ದರೆ ಸಾಲದು.

ಮರುವಾರ ಆ ತಿರುವಿಗೆ ಹೋಗಿ ಪೈಪು ಒಡೆದಿತ್ತೇ ಎಂದು ವಿಚಾರಿಸಿದೆ. ಇಲ್ಲ ಎಂದರು. ಹಿಂದೆ ಅಲ್ಲೊಂದು ನೀರಿನ ಕುಂಟೆ ಇತ್ತೆಂದು ಒಬ್ಬರು, ಇರಲೇ ಇಲ್ಲವೆಂದು ಇನ್ನೊಬ್ಬರು. ನನ್ನ ಪುಸ್ತಕದಲ್ಲಿ ಆ ತಡದ ಅಧ್ಯಾಯವನ್ನು ನಾನು ಬರೆಯಲಿಲ್ಲ. ಆಧಾರ ಏನೆಂದು ಕೇಳಿದರೆ ನೆನೆದ ಅಕ್ಕಿ ತೋರಿಸಲೇ?

ನಂದಿನಿಯ ಮದುವೆಯಾಗಿ ಈಗ ಕೆಲವು ವರ್ಷ. ಅಜ್ಜ ಗಟ್ಟಿಯಾಗಿದ್ದಾರೆ. ಸಿಕ್ಕಾಗಲೆಲ್ಲ ಭುಜದ ಮೇಲೆ ಕೈಯಿಟ್ಟು ಕೇಳುತ್ತಾರೆ: "ಈಗ್ಲಾದ್ರೂ ನಿಜ ಹೇಳಿ ಮೇಷ್ಟ್ರೇ, ಬೇಕಂತ್ಲೇ ತಾನೇ?" ಇಲ್ಲ, ನೀರಿತ್ತು ಎನ್ನುತ್ತೇನೆ. ಅವರು ನಗುತ್ತಾರೆ. ಆ ನಾಯಕನಾದರೂ ಇದಕ್ಕಿಂತ ಹೆಚ್ಚು ಏನು ಹೇಳಬಹುದಿತ್ತು?