ಅಮೀರ್ಬೀ ಸಾಕಿದ ಬಾಳೆ ಮೀನು

ಶಹಾಬಾದಿನ ನಮ್ಮ ಓಣಿಯಲ್ಲಿ ನೆಲಕ್ಕೂ ಫರಸಿ ಕಲ್ಲು, ಗೋಡೆಗೂ ಫರಸಿ, ದನದ ಗೋದಲಿಗೂ ಅದೇ. ಹಾಗಾಗಿ ಫರಸಿ ಕೂಡಿಸುವ ಕೆಲಸದ ಪಕ್ಕದ ಅಬ್ದುಲ್ ಗನಿಯ ಮನೆಯೊಳಗೆ ಫರಸಿಯದೊಂದು ತೊಟ್ಟಿ ಇದೆಯೆಂದು ಕೇಳಿದಾಗ ನನಗೇನೂ ಅನ್ನಿಸಲಿಲ್ಲ. ಅದರಲ್ಲಿ ಮೀನು ಸಾಕಿದ್ದಾರೆಂದು ಕೇಳಿದಾಗ ಮಾತ್ರ ಮೈ ಜುಮ್ಮೆಂದಿತು. ನಾವು ಲಿಂಗವಂತರು, ಮೀನನ್ನು ಹತ್ತಿರದಿಂದ ಕಂಡವಳೇ ಅಲ್ಲ ನಾನು. ನನ್ನನ್ನು ಆ ಮನೆಗೆ ಕರೆದೊಯ್ದವಳು ಮಗಳು ಸೂಗಿ. ಅಂಬೆಗಾಲಿಡುತ್ತ ಹೊಸ್ತಿಲು ದಾಟಿ ಹೋದವಳನ್ನು ಹುಡುಕಿಕೊಂಡು ಹೋದರೆ, ತೊಟ್ಟಿಯ ಮುಂದೆ ಗನಿಯ ಹೆಂಡತಿ ಅಮೀರ್ಬೀ ಅಕ್ಕನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಕುಳಿತಿದ್ದಳು.

ತೊಟ್ಟಿಯ ಮೂರು ಬದಿ ಕಲ್ಲು, ಎದುರಿನ ಬದಿಗೆ ಗಾಜು. ಯಾರೋ ಸಾಹುಕಾರರು ಎಸೆದ ಕಪಾಟಿನ ಗಾಜನ್ನು ಗನಿ ಅಣ್ಣ ಡಾಂಬರು ಹಚ್ಚಿ ಕೂಡಿಸಿದ್ದ. ಗಾಜಿನ ಹಿಂದೆ ಒಂದು ಅಗಲ ಮುಖ, ಎರಡು ಉದ್ದ ಮೀಸೆ, ಸಣ್ಣ ಕಣ್ಣು. ಆಗಲೇ ಅದು ನನ್ನ ಸೂಗಿಗಿಂತ ಉದ್ದವಿತ್ತು.

"ಅಂಜಬ್ಯಾಡ ಚಂದಮ್ಮ, ಕುಂದ್ರು," ಎಂದಳು ಅಕ್ಕ. "ಹಲ್ಲಾವ, ಖರೇ. ಆದ್ರ ನನಗ ಕಚ್ಚೂದಿಲ್ಲ."

ಅವಳ ಕಥೆ ಓಣಿಗೆಲ್ಲ ಗೊತ್ತಿತ್ತು. ನಾನು ಸೊಸೆಯಾಗಿ ಬರುವ ಮೊದಲೇ, ಮಹಾಯುದ್ಧದ ಸುದ್ದಿ ಇನ್ನೂ ಇಲ್ಲದ ಕಾಲ, ಊರಿಗೆ ವಾಂತಿಭೇದಿ ಬಂದಿತ್ತಂತೆ. ಅವರ ಒಬ್ಬಳೇ ಮಗಳು ಖುರ್ಷಿದಬೇಗಂ ಬೆಳಿಗ್ಗೆ ಆಡುತ್ತಿದ್ದವಳು ಸಂಜೆಗೆ ಇರಲಿಲ್ಲ. ಅಮೀರ್ಬೀ ಊಟ ಬಿಟ್ಟಳು, ಮಾತು ಬಿಟ್ಟಳು. ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ, ಏನಾದರೂ ಬಾಯಿಗಿಡಲಿ ಎಂದು ಗನಿ ಅಣ್ಣ ಕಾಗಿಣಾ ನದಿಯಿಂದ ಕೊಡದಲ್ಲಿ ಜೀವಂತ ಮೀನು ತಂದ. ಕೊಯ್ಯಲು ಕುಳಿತವಳು ಗೇಣುದ್ದದ ಒಂದು ಬಾಳೆ ಮೀನನ್ನು ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟಳು. "ಇದೊಂದ ಬಿಡ್ರಿ," ಎಂದಳು. ಅದೇ ಅವಳ ಮೊದಲ ಮಾತು. ಕಲ್ಲು ಕೊಯ್ಯುವಾಗ ನೀರಿಗೆಂದು ಗನಿ ಅಣ್ಣ ವರ್ಷಗಟ್ಟಲೆ ಬಳಸಿದ ಹಳೆಯ ತೊಟ್ಟಿ ಇತ್ತಲ್ಲ, ಅದನ್ನೇ ಒಳಗೆ ತಂದು ಒಂದು ಬದಿ ಬಿಚ್ಚಿ ಗಾಜು ಕೂಡಿಸಿಕೊಟ್ಟ.

ಸಾಕುವುದನ್ನು ಅವಳಿಂದ ಕಲಿಯಬೇಕು. ಕಟುಕರ ಅಂಗಡಿಯಿಂದ ಬೋಟಿ ತರಿಸಿ, ಆ ಕರುಳನ್ನು ತೊಳೆದು, ಬೆರಳುದ್ದ ಕೊಯ್ದು ಹಾಕುತ್ತಿದ್ದಳು. ಮಳೆಗಾಲದಲ್ಲಿ ಎರೆಹುಳು, ಸಣ್ಣ ಕಪ್ಪೆ. ಏನೂ ಇಲ್ಲದ ದಿನ ಜೋಳದ ಹಿಟ್ಟಿನ ಉಂಡೆ. ಬಳೆಯಿಂದ ಕಲ್ಲು ಕೆರೆದರೆ ಸಾಕು, ಮೀನು ಮೇಲೆ ಬಂದು ಮೀಸೆಯಿಂದ ಅವಳ ಮಣಿಕಟ್ಟು ಮುಟ್ಟಿ ನೋಡಿ, ಗಬಕ್ಕನೆ ತುಂಡು ಎಳೆದುಕೊಳ್ಳುತ್ತಿತ್ತು. ಉಳಿದದ್ದನ್ನು ತಕ್ಷಣ ತೆಗೆಯುತ್ತಿದ್ದಳು, ಇಲ್ಲವಾದರೆ ನೀರು ನಾರುತ್ತದೆ. ನೀರನ್ನು ಎಂದೂ ಪೂರ್ತಿ ಬದಲಿಸುತ್ತಿರಲಿಲ್ಲ, ಅರ್ಧ ತೆಗೆದು ಅರ್ಧ ಹಾಕುವುದು.

ಅವಳದೊಂದು ನೇಮವಿತ್ತು: ಮೀನು ತಿಂದ ಮೇಲೆಯೇ ತಾನು ಉಣ್ಣುವುದು. ಗಂಡನ ಅಕ್ಕ ಜೈತುನ್ಬೀ ಬಂದಾಗಲೆಲ್ಲ ಇದನ್ನೇ ಹಿಡಿದು ಎಳೆಯುತ್ತಿದ್ದಳು.

"ಮೀನಿಗಿ ಬೋಟಿ, ಗಂಡಗ ಬರೇ ಖಾರಬ್ಯಾಳಿ! ನಮ್ಮ ತಮ್ಮನೂ ಅಷ್ಟುದ್ದ ಮೀಸಿ ಬಿಟ್ಟಿದ್ರ ಅವಗೂ ಒಂದ್ ತುಂಡು ಸಿಗ್ತಿತ್ತೇನೋ!"

ಗನಿ ಅಣ್ಣ ನಗುತ್ತ ತನ್ನ ಮೀಸೆ ತಿರುವುತ್ತಿದ್ದ. ಅಮೀರ್ಬೀ ಅಕ್ಕನ ತುಟಿಯೂ ಒಂದಿಷ್ಟು ಅಲುಗುತ್ತಿತ್ತು. ಅಷ್ಟಕ್ಕಾಗಿಯೇ ಅವನು ಆ ಕುಚೋದ್ಯವನ್ನು ಸಹಿಸುತ್ತಿದ್ದನೆಂದು ನನಗೆ ಆಮೇಲೆ ತಿಳಿಯಿತು.

ಚಳಿಗಾಲದಲ್ಲಿ ಮೀನು ದಿನಗಟ್ಟಲೆ ಬಾಯಿ ತೆರೆಯುತ್ತಿರಲಿಲ್ಲ. ಅವಳೂ ಹಾಗೆಯೇ, ಬರಿ ಚಹಾ. ಒಮ್ಮೆ ನಾನೇ ಗದರಿಸಿದೆ.

"ಅಕ್ಕಾ, ಸೂಗಿಗಿ ಹಲ್ಲ ಬರೂ ಮುಂದ ಏನೂ ತಿನ್ನಲಿಲ್ಲ. ನಾನೂ ಉಪಾಸ ಕುಂತಿದ್ರ ಹಾಲು ಎಲ್ಲಿಂದ ಬರ್ತಿತ್ತು?"

"ನಿಂದು ಅಳ್ತದ ತಂಗೀ," ಎಂದಳು. "ಇದು ಅಳೂದಿಲ್ಲ. ಇದಕ್ಕ ಏನಾಗ್ಯಾದಂತ ನನಗ ಹೆಂಗ ಗೊತ್ತಾಗ್ಬೇಕು?"

ಅವಳ ಮನೆಯಲ್ಲಿ ನಾವು ಉಣ್ಣುವಂತಿರಲಿಲ್ಲ. ಹಾಗಾಗಿ ನಮ್ಮ ಮನೆಯ ರೊಟ್ಟಿಯನ್ನೇ ತಂದು ಅವಳ ಕೈಗಿಟ್ಟು, ಅವಳು ತಿನ್ನುವವರೆಗೆ ನಾನು ಎದ್ದೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಮೀನು ತೊಟ್ಟಿಗೆ ಮೀರಿ ಬೆಳೆದಿತ್ತು. ತಿರುಗಬೇಕಾದರೆ ಬಿಲ್ಲಿನಂತೆ ಬಾಗಬೇಕು. ಕಲ್ಲಿಗೆ ಉಜ್ಜಿ ಉಜ್ಜಿ ಮೂತಿ ಹುಣ್ಣಾಯಿತು, ಒಂದು ಮೀಸೆ ತುಂಡಾಯಿತು. ಚೆನ್ನಾಗಿ ತಿನ್ನಬೇಕಾದ ಕಾಲದಲ್ಲಿ ತಿನ್ನುವುದು ನಿಲ್ಲಿಸಿತು. ಅಕ್ಕನೂ ನಿಲ್ಲಿಸಿದಳು. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು, ನೀರಿನ ಕೊಡ ಎತ್ತಲು ಹೋಗಿ ಬಾವಿಯ ಹತ್ತಿರ ಕುಸಿದಳು.

"ಕಾಗಿಣಾಕ್ಕ ಬಿಟ್ಟು ಬರ್ತೀನಿ," ಎಂದ ಗನಿ ಅಣ್ಣ. "ಅದೂ ಬದುಕ್ತದ, ನೀನೂ ಬದುಕ್ತಿ."

"ಹೊಳ್ಯಾಗ ನೀರೆಲ್ಲಿ ಅದ? ಉಳಿದ ಮಡುವಿಗಿ ದಿನಾ ಬಲಿ ಬೀಸಾಕತ್ತಾರ. ಬಿಟ್ಟರ ಸಂಜೀಕ ಯಾರದರ ಒಲಿ ಮ್ಯಾಲ ಇರ್ತದ."

ಅವಳು ಹೇಳಿದ್ದು ನಿಜವೇ. ಗನಿ ಅಣ್ಣ ವಾಡಿ ಸ್ಟೇಷನ್ನಿನ ಫರಸಿ ಕೆಲಸಕ್ಕೆ ಹೋಗುವುದನ್ನು ಬಿಟ್ಟು, ಖಣಿಯಿಂದ ಉದ್ದನೆಯ ಫರಸಿಗಳನ್ನು ಆರಿಸಿ ತಂದು ಅಂಗಳದ ನೆರಳಿನಲ್ಲಿ ದೊಡ್ಡ ತೊಟ್ಟಿ ಕಟ್ಟಲು ಕುಳಿತ. ಮೂಲೆ ಮೂಲೆಯನ್ನೂ ನುಣುಪಾಗಿ ತಿಕ್ಕಿದ, ಮೂತಿ ಉಜ್ಜಿದರೂ ನೋಯಬಾರದೆಂದು. ಹೊಸ ಸುಣ್ಣ ಅರೆದು, ಸಂದುಗಳಿಗೆ ಗಾರೆ ತುಂಬಿದ. ಗಾರೆ ಕೂಡುವಷ್ಟು ಕಾದು, ಬಾಯಿಮಟ್ಟ ನೀರು ತುಂಬಿಸಿದ. ಒಂದು ಹನಿ ಸೋರಲಿಲ್ಲ. ಫರಸಿ ಕೂಡಿಸುವವರಿಗೆ ಸೋರದ ತೊಟ್ಟಿಯೆಂದರೆ ಸಿದ್ಧವಾದ ತೊಟ್ಟಿ. ಹೊಸ ಗಾರೆಯ ಮೇಲೆ ನೀರು ನಿಂತಷ್ಟೂ ಅದು ಗಟ್ಟಿ. ಇನ್ನು ನೀರಿನ ಮಾತು. ವಾಂತಿಭೇದಿಯ ವರ್ಷ ಬಾವಿಗಳಿಗೆಲ್ಲ ಸುಣ್ಣ ಹಾಕಿಸಿದ್ದರು. ನೀರಿಗೆ ಸುಣ್ಣ ಒಳ್ಳೆಯದೆಂದು ಮಗಳನ್ನು ಕಳೆದುಕೊಂಡ ಆ ಮನುಷ್ಯನಿಗೆ ಯಾರೂ ಮತ್ತೆ ಹೇಳಬೇಕಾಗಿರಲಿಲ್ಲ. ನೀರು ಶುದ್ಧವಿರಲಿ ಎಂದು ಇನ್ನೊಂದು ಹಿಡಿ ಸುಣ್ಣ ಕದಡಿ ಹಾಕಿದ.

ಒದ್ದೆ ಗೋಣಿಯಲ್ಲಿ ಸುತ್ತಿ ಇಬ್ಬರೂ ಮೀನನ್ನು ಎತ್ತಿ ತಂದರು. ನಾನು ಸೂಗಿಯನ್ನು ಸೊಂಟದ ಮೇಲಿಟ್ಟುಕೊಂಡು ನೋಡುತ್ತಿದ್ದೆ. ನೀರಿಗೆ ಬಿಟ್ಟೊಡನೆ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಣದಂತೆ ಹೋಯಿತು, ಹೊರಳಿತು, ಬಾಲ ಬಡಿಯಿತು. ನೀರು ನಮ್ಮ ಮೇಲೆಲ್ಲ ಚಿಮ್ಮಿತು.

"ನೋಡ್ರಿ, ನೋಡ್ರಿ, ಹೆಂಗ ಆಡಾಕತ್ತದ!" ಅಮೀರ್ಬೀ ಅಕ್ಕ ಗಟ್ಟಿಯಾಗಿ ನಕ್ಕಳು. ಆ ನಗೆಯನ್ನು ನಾನು ಮೊದಲ ಸಲ ಕೇಳಿದೆ. ಗನಿ ಅಣ್ಣ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. "ಒಂದ್ ರೊಟ್ಟಿ ಕೊಡು ತಂಗೀ," ಎಂದು ಅಕ್ಕ ತಾನಾಗಿಯೇ ಕೇಳಿ, ನನ್ನ ಕೈಯಿಂದ ಇಸಿದುಕೊಂಡು ತಿಂದಳು.

ಆಟ ಬಹಳ ಹೊತ್ತು ನಡೆಯಲಿಲ್ಲ. ಮೀನಿನ ಮೈಯಿಂದ ಬಿಳಿಯ ಲೋಳೆ ನೂಲು ನೂಲಾಗಿ ಏಳತೊಡಗಿತು. ಕಣ್ಣು ಬೆಳ್ಳಗಾಯಿತು. ಅಕ್ಕ ಮೊಣಕೈವರೆಗೆ ಕೈಯಿಳಿಸಿ ಅದರ ಹೊಟ್ಟೆ ಹಿಡಿದಳು. ನಾನೂ ಕೈ ಹಾಕಿದೆ. ಬೆರಳುಗಳು ಸಬಕಾರದ ನೊರೆ ಹತ್ತಿದಂತೆ ಜಾರಿದವು, ಉಗುರಿನ ಸಂದು ಚುರುಗುಟ್ಟಿತು, ಮನೆಗೆ ಸುಣ್ಣ ಬಳಿದ ದಿನ ಆಗುವಂತೆಯೇ. ಅವಳ ಮುಖ ನೋಡಿದೆ. ನೀರಿನ ಸುಣ್ಣ ಮೀನನ್ನು ಸುಡುತ್ತಿದೆಯೆಂದು ಅವಳಿಗೂ ತಿಳಿದಿತ್ತು. ಒದ್ದಾಡಿ ಹಳೆಯ ತೊಟ್ಟಿಗೆ ಹೊತ್ತು ಹಾಕಿದೆವು. ಅಲ್ಲಿ ಅದು ಒಂದೆರಡು ಸಲ ಬಾಯಿ ತೆರೆದು ಮಗುಚಿಕೊಂಡಿತು.

"ಸೋರಲಿಲ್ಲಲ್ಲ," ಎನ್ನುತ್ತಿದ್ದ ಗನಿ ಅಣ್ಣ. "ಎಲ್ಲಾ ಬರೋಬ್ಬರಿ ಮಾಡೀನಲ್ಲ. ಮತ್ತ ಯಾಕ?"

"ಹಣ್ಣಾಗಿತ್ರೀ," ಎಂದಳು ಅವಳು. "ಅದರ ಆಯಸ್ಸು ಅಷ್ಟ. ಹೊಸ ಮನಿ ನೋಡೇ ಹೋಯ್ತು, ನೀವು ಕಟ್ಟಿದ್ದು." ಹೇಳುತ್ತ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಒತ್ತಿದಳೆಂದರೆ, ನಾನು ಬಾಯಿ ತೆರೆಯಲಿಲ್ಲ.

ಜೈತುನ್ಬೀ ಬಂದು, "ಇಷ್ಟು ದೊಡ್ಡದು, ಓಣಿಗೆಲ್ಲ ಆಗ್ತದ," ಎಂದವಳು ತಮ್ಮನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಗನಿ ಅಣ್ಣ ತನ್ನ ಹೊಸ ಲುಂಗಿಯಲ್ಲೇ ಸುತ್ತಿ ಖಣಿಯಾಚೆ ಹೂಳಿ ಬಂದ.

ಆಮೇಲೆ ಅಕ್ಕ ಗಂಡನ ಎದುರಿಗೆ ದಿನವೂ ಕುಳಿತು ಉಂಡಳು. ಅವನೊಂದಿಗೆ ಮಾತಾಡಿದಳು. ಓಣಿಯವರು, ಪೀಡೆ ತೊಲಗಿತು, ಇನ್ನು ಸುಧಾರಿಸುತ್ತಾಳೆ ಎಂದರು. ಅವನು ಕೆಲಸಕ್ಕೆ ಹೋದ ಮೇಲೆ ಉಂಡದ್ದೆಲ್ಲ ವಾಂತಿಯಾಗುತ್ತಿದ್ದುದನ್ನು ನಾನು ಕಂಡೆ. ಮೆಂತ್ಯದ ಗಂಜಿ ಮಾಡಿ ಕೊಟ್ಟೆ, ಹಕೀಮರ ಪುಡಿ ತರಿಸಿದೆ. "ನಿಮ್ಮ ಅಣ್ಣಗ ಹೇಳಬ್ಯಾಡ," ಎನ್ನುವುದೊಂದೇ ಮಾತು. ಮೊದಲ ಮಳೆಗೆ ಜ್ವರ ಬಂತು. ತಡೆಯುವ ಶಕ್ತಿ ಆ ಮೈಯಲ್ಲಿ ಉಳಿದಿರಲಿಲ್ಲ. ಮಗಳ ಪಕ್ಕದಲ್ಲೇ ಅವಳಿಗೂ ಜಾಗವಾಯಿತು.

ಅಂಗಳದ ತೊಟ್ಟಿಯ ನೀರನ್ನು ಗನಿ ಅಣ್ಣ ಮೀನು ಸತ್ತ ದಿನವೇ ಚೆಲ್ಲಿದ್ದ. ಒಡೆಯಲು ಮನಸ್ಸಾಗದೆ ಹಾಗೇ ಬಿಟ್ಟಿದ್ದ. ಮಳೆ ಅದನ್ನು ತುಂಬಿ ತುಳುಕಿಸಿ, ಮತ್ತೆ ಮತ್ತೆ ತುಂಬಿತು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ರೊಟ್ಟಿ ಕೊಡಲು ಹೋದೆ. ಗನಿ ಅಣ್ಣ ತೊಟ್ಟಿಯ ಅಂಚಿಗೆ ಕುಳಿತು ನೀರನ್ನೇ ನೋಡುತ್ತಿದ್ದ. ನೀರಿನ ತುಂಬ ಕಪ್ಪೆಯ ಮರಿಗಳು ಬಾಲ ಆಡಿಸುತ್ತಿದ್ದವು.

"ಇವು ಹೆಂಗ ಬದುಕ್ಯಾವ ಚಂದಮ್ಮ?" ಎಂದ. ಗಾರೆಯ ಸಂದಿನ ಮೇಲೆ ಬೆರಳಾಡಿಸಿದ, ಬೆರಳನ್ನು ಬೆರಳಿಗೆ ತಿಕ್ಕಿ ನೋಡಿದ. ಅಷ್ಟು ವರ್ಷ ಸುಣ್ಣ ಹಿಡಿದ ಕೈ ಅದು.

"ಸುಣ್ಣದ್ದು ಆಕಿಗಿ ಗೊತ್ತಿತ್ತೇನು?"

ಆಡಬೇಡವೆಂದು ಒತ್ತಿದ ಕೈ ನೆನಪಾಯಿತು. ಆದರೂ, ಅವಳು ಅವನಿಗಾಗಿ ಹೊತ್ತದ್ದು ಅವನಿಗೆ ತಿಳಿಯದೆ ಹೋಗುವುದು ಸರಿಯೆನಿಸಲಿಲ್ಲ.

"ಗೊತ್ತಿತ್ರಿ ಅಣ್ಣಾ. ಕೈ ಹಾಕಿದ ಕೂಡಲೇ."

ಅವನು ತಲೆಯಾಡಿಸಿದ. ಬಾಗಿ, ಮರಿಗಳನ್ನು ಕೈಯಿಂದ ಸರಿಸಿ, ಒಂದು ಬೊಗಸೆ ನೀರೆತ್ತಿ ಕುಡಿದ.

"ಈಗ ಸೀ ನೀರ ಆಗ್ಯಾದ ತಂಗೀ," ಎಂದ.