ರ‍್ಯಾಮಿಗೆ ಹಚ್ಚಿದ ವಿಭೂತಿ

ಬಾಗಲಕೋಟಿಯಿಂದ ಇಳಕಲ್ಲಿಗೆ ಬರೋ ಬಸ್ಸಿನ್ಯಾಗ ಜೊಂಪು ಹತ್ತಿತ್ತು. ಕಿಸೆದಾಗ ನಮ್ಮ ಸೀರಿ ಡಿಸೈನಿನ ಕಂಪ್ಯೂಟರಿಗೆ ತಂದ ರ‍್ಯಾಮ್, ಮತ್ತ ಅಂಗಡ್ಯಾಗ ನಮ್ಮ ಡಿಸೈನೆಲ್ಲಾ ತುಂಬಿಸಿದ ಎಸ್‌ಎಸ್‌ಡಿ. ಕಿಡಕಿಯಾಚೆ ಹೊಲ ಎಲ್ಲಾ ಸೆರಗಿನಂಗ ತೇಲಿ ಹೋಗ್ತಿದ್ವು.

ಮನ್ಯಾಗ ಅಪ್ಪ ಕಾಯ್ತಿದ್ದ. ಮದುವಿ ಸೀರಿ ಡಿಸೈನ್ ನೋಡಾಕ ಮದುಮಗಳ ಮನಿಯವ್ರು ಸಂಜಿಗೆ ಬರೋರು. ಡಿಸೈನ್ ತೆರೀಲಿಲ್ಲಂದ್ರ ಬಾಜೂ ಅಂಗಡಿಗೆ ಹೋಗೋರು.

"ಬ್ಯಾರೆ ಕಂಪನಿ ಮಾಲು ನಮ್ಮ ಮಷೀನಿಗೆ ಕೂಡತೈತೇನಲೇ?" ಅಂದ ಅಪ್ಪ.

"ನೀ ಹತ್ತಿ ಸೀರಿಗೆ ರೇಷ್ಮಿ ಸೆರಗು ಕೂಡಸಂಗಿಲ್ಲೇನಪಾ? ಹಂಗ ಇದೂ."

ಹಾಕಿ ಗುಂಡಿ ಒತ್ತಿದ್ರ ಕಂಪ್ಯೂಟರ್ ಬರೀ ಕುಂಯ್ ಅಂತು. ಪರದಿ ಕತ್ತಲ, ಅಪ್ಪನ ಮಾರಿನೂ ಕತ್ತಲ. ತಗದು ನೋಡಿದ್ರ ರ‍್ಯಾಮಿನ ಅಂಚಿನ ಬಂಗಾರಬಣ್ಣದ ಹಲ್ಲಿಗೆ ವಿಭೂತಿ! ಹೊಸ ಸಾಮಾನು ಅಂತ, ನಾ ಕೈ ತೊಳಿಯಾಕ ಹೋದಾಗ ಅವ್ವ ಹಚ್ಚಿದ್ಲು.

"ಅವ್ವಾ, ದೇವ್ರು ಒಳಗ ಧ್ಯಾನಕ್ಕ ಕುಂತಾನ. ಕಣ್ಣು ಮುಚ್ಚಿ ಬೇಡ್ಕೊ" ಅಂದೆ. ಆಕಿ ಖರೇನ ಮುಚ್ಚಿದ್ಲು. ನಾ ಸದ್ದಿಲ್ಲದ ಸಾಲಿಗೆ ಹೋಗೋ ತಂಗಿಯ ಪೆನ್ಸಿಲ್ ರಬ್ಬರಿನಿಂದ ಹಲ್ಲು ತಿಕ್ಕಿ, ಮತ್ತ ಕೂಡಿಸಿದೆ. ಆಕಿ ಕಣ್ಣು ತೆರೆಯೋದ್ರಾಗ ಸೀರಿಯ ಕೆಂಪು ದಡಿ ಪರದಿ ತುಂಬ ಕನಸಿನಂಗ ಹರಡಿತ್ತು.

ಮದುಮಗಳ ಮನಿಯವ್ರು ಒಪ್ಪಿದ್ರು. ಈಗ ಓಣಿಯಾಗ ಯಾರ ಕಂಪ್ಯೂಟರ್ ಕೆಟ್ಟರೂ ಅವ್ವನ್ನ ಕರೀತಾರ. ನಾ ರಬ್ಬರ್ ಹಿಡಕೊಂಡು ಆಕಿ ಹಿಂದ ಹೋಗ್ತೇನಿ.