ಸಿಕ್ಕಿಂ ದೇಶವಾಗಿದ್ದಾಗ

"ನಿನ್ನ ರಾಜ ಯಾರು?"

ಸಿಕ್ಕಿಂಗೆ ಹೋದ ಮೊದಲ ವಾರದಲ್ಲಿ, ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಮುದುಕಿಯೊಬ್ಬಳು ನನ್ನನ್ನು ಹೀಗೆ ಕೇಳಿದಳು. ಆಗ ನನಗೆ ಅಲ್ಲಿನ ಭಾಷೆ ಬರುತ್ತಿರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಕ್ಕಿದ್ದ ಹರ್ಕ ಆ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದ. ನಾನು ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದೆ. ನಮ್ಮ ಕಡೆ ಹೊಸಬರನ್ನು ಕಂಡರೆ ಯಾವ ಊರು ಎನ್ನುತ್ತಾರೆ, ಆಮೇಲೆ ಯಾವ ಓಣಿ ಎನ್ನುತ್ತಾರೆ. ಓಣಿ ಹೇಳಿದರೆ ಜಾತಿ ತಾನಾಗಿ ತಿಳಿಯುತ್ತದೆ. ಆ ಪ್ರಶ್ನೆಯನ್ನು ಎದುರಿಸಿ ನನಗೆ ಅಭ್ಯಾಸವಿತ್ತು. ರಾಜ ಯಾರು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

"ನಮಗೆ ರಾಜ ಇಲ್ಲ" ಎಂದೆ.

ಮುದುಕಿ ತಬ್ಬಲಿ ಮಗುವನ್ನು ನೋಡುವಂತೆ ನನ್ನನ್ನು ನೋಡಿ, ಮಡಿಲಿನಿಂದ ಒಂದು ಕಿತ್ತಳೆ ತೆಗೆದು ಕೈಗಿಟ್ಟಳು.

ನಾನು ವಾಡಿಯವಳು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಬೆಳೆದೆ. ರೈಲು ಎಂಜಿನ್ನುಗಳ ಹೊಗೆಮಸಿ ನಮ್ಮ ಬೇವಿನ ಮರದ ಎಲೆಗಳ ಮೇಲೆ ವರ್ಷವಿಡೀ ಕೂತಿರುತ್ತಿತ್ತು. ನಾನು ಹುಟ್ಟಿದಾಗ ಅದು ನಿಜಾಮನ ರಾಜ್ಯ. ಎರಡು ವರ್ಷದವಳಿದ್ದಾಗ ನಿಜಾಮನ ಆಳಿಕೆ ಹೋಯಿತು. ಹತ್ತು ವರ್ಷದವಳಿದ್ದಾಗ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅದೇ ವರ್ಷ ಅಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ದುರ್ಗವ್ವ ಎಂದಿದ್ದ ನನ್ನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಸುಜಾತಾ ಎಂದಾಯಿತು. ಊರಿನ ಬಾವಿಗೆ ಮಾತ್ರ ನಾನು ದುರ್ಗವ್ವನಾಗಿಯೇ ಉಳಿದೆ. ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಎತ್ತಿ ಸುರಿಯುವ ತನಕ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕಾಗಿತ್ತು.

ನರ್ಸಿಂಗ್ ಮುಗಿಸಿ ಐದು ವರ್ಷ ಕೆಲಸ ಮಾಡಿದ ಮೇಲೆ, ಸಿಕ್ಕಿಂನಲ್ಲಿ ನರ್ಸುಗಳು ಬೇಕಂತೆ ಎಂಬ ಸುದ್ದಿ ಬಂತು. ಅದು ಹಿಮಾಲಯದ ಪುಟ್ಟ ದೇಶ, ಬೌದ್ಧ ರಾಜನ ದೇಶ. ಅಷ್ಟು ಕೇಳಿದ್ದೇ ತಡ, ಅಪ್ಪ ಎದ್ದು ನಿಂತ.

"ಹೋಗು ಮಗಳ. ಅಲ್ಲಿ ರಾಜಾನೂ ನಮ್ಮಾಂವ, ಗುಡಿನೂ ನಮ್ದು. ಇಲ್ಲಿ ಏನ್ ಅದ?"

ಅವ್ವ ಟ್ರಂಕಿನಲ್ಲಿ ಬಟ್ಟೆಯ ನಡುವೆ ಶೇಂಗಾ ಹಿಂಡಿಯ ಡಬ್ಬಿ ಇಟ್ಟಳು.

ಅಲ್ಲಿ ನನಗೆ ಮನೆ ಸಿಕ್ಕಿದ್ದು ಪೇಮಾ ಎಂಬ ವಿಧವೆಯ ಬಳಿ. ಎಲ್ಲರೂ ಅವರನ್ನು ಆಮಾ ಎನ್ನುತ್ತಿದ್ದರು, ಅಂದರೆ ತಾಯಿ. ಬೆಟ್ಟದ ಓರೆಗೆ ಅಂಟಿಕೊಂಡ ಮರದ ಮನೆ. ನಮ್ಮಲ್ಲಿ ಮನೆಯೆಂದರೆ ಶಹಾಬಾದಿ ಕಲ್ಲು, ಬೇಸಿಗೆಯಲ್ಲಿ ಬೆನ್ನು ಹಚ್ಚಿ ಮಲಗಿದರೆ ತಂಪು. ಇಲ್ಲಿ ನೆಲ ಹಲಗೆಯದು, ನಡೆದರೆ ಮನೆಯೇ ಮಾತಾಡುತ್ತಿತ್ತು. ಮಂಜು ಕಿಟಕಿಯೊಳಗೆ ಬಂದು ಹೊದಿಕೆ ತೋಯಿಸುತ್ತಿತ್ತು. ಊಟಕ್ಕೆ ಅನ್ನ, ಜೊತೆಗೆ ಗುಂದ್ರುಕ್. ಗುಂದ್ರುಕ್ ಅಂದರೆ ಸೊಪ್ಪನ್ನು ಹುಳಿಯಾಗಿಸಿ ಒಣಗಿಸಿಟ್ಟುಕೊಳ್ಳುವುದು. ಮೊದಲ ಸಲ ಬಾಯಿಗಿಟ್ಟಾಗ ಪುಂಡಿಪಲ್ಯದ ಹುಳಿ ನೆನಪಾಗಿ ಇನ್ನೊಂದು ತುತ್ತು ಕಲಸಿದೆ. ಉಪ್ಪು, ಬೆಣ್ಣೆ ಹಾಕಿದ ಚಹಾ ಕುಡಿಯಲು ನನಗೆ ಒಂದು ಚಳಿಗಾಲವೇ ಬೇಕಾಯಿತು.

ಕನ್ನಡ ಮಾತಾಡಲು ಯಾರೂ ಇರಲಿಲ್ಲ. ಹೆರಿಗೆ ಮಾಡಿಸಿ ಕೂಸನ್ನು ಒರೆಸುವಾಗ ಅದರೊಂದಿಗೆ ಕನ್ನಡ ಮಾತಾಡುತ್ತಿದ್ದೆ. ಅದಕ್ಕೆ ಇನ್ನೂ ಯಾವ ಭಾಷೆಯೂ ಬರುತ್ತಿರಲಿಲ್ಲವಲ್ಲ, ನನ್ನದನ್ನೂ ಅಷ್ಟೇ ಗಮನವಿಟ್ಟು ಕೇಳುತ್ತಿತ್ತು. ನೇಪಾಳಿ ಕಲಿತ ಮೇಲೂ ಯಾರ ಮಾತನ್ನಾದರೂ ನನ್ನೊಳಗೆ ವಾಡಿಯ ಮಾತಾಗಿ ತಿರುಗಿಸಿಕೊಂಡೇ ಅರ್ಥ ಮಾಡಿಕೊಳ್ಳುತ್ತಿದ್ದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಒಂದು ದಿನ ಆಮಾ ಕೇಳಿದರು, "ನಿಮ್ಮಪ್ಪ ಬೌದ್ಧ ಆದ ಅಂತಿ. ಆಗೋದು ಹ್ಯಾಂಗ? ಹುಟ್ಟತಾರಲ್ಲ?"

ಬಾವಿಯ ಕತೆ ಹೇಳಿದೆ. ಅವರು ಎರಡೆರಡು ಸಲ ಕೇಳಿದರು. ನೀರು ಮುಟ್ಟಿದರೆ ಏನಾಗುತ್ತದೆ ಎಂಬುದು ಅವರಿಗೆ ಕೊನೆಗೂ ಅರ್ಥವಾಗಲಿಲ್ಲ. ಅವರ ದೇವರ ಕೋಣೆಯಲ್ಲಿ ಬುದ್ಧನ ಮುಂದೆ ಏಳು ಹಿತ್ತಾಳೆ ಬಟ್ಟಲುಗಳಿದ್ದವು. ದಿನಾ ಬೆಳಗ್ಗೆ ಅವಕ್ಕೆ ಹೊಸ ನೀರು ತುಂಬಬೇಕು. ಮರುದಿನ ಆಮಾ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಇಂದಿನಿಂದ ನೀನೇ ತುಂಬು. ನನ್ನ ಕೈ ನಡುಗತಾವ" ಎಂದರು. ಅವರ ಕೈ ನಡುಗುತ್ತಿರಲಿಲ್ಲ. ಆ ಬುದ್ಧನ ಸುತ್ತ ಕೋರೆಹಲ್ಲಿನ ದೇವತೆಗಳಿದ್ದರು, ಲಾಮಾಗಳ ಮಂತ್ರ ಒಂದೂ ನನಗೆ ತಿಳಿಯುತ್ತಿರಲಿಲ್ಲ. ಇದು ಅಪ್ಪ ಹೇಳಿದ ನಮ್ಮ ಗುಡಿ ಅಲ್ಲ ಎಂದು ಗೊತ್ತಿತ್ತು. ಆದರೂ ನೀರು ತುಂಬಿದೆ. ಅಪ್ಪನಿಗೆ ಆ ಸುದ್ದಿಯೊಂದನ್ನೇ ನಾಲ್ಕು ಪುಟ ಬರೆದೆ.

ಆ ದೇಶದ ಕತೆಯನ್ನು ನನಗೆ ತಿಳಿಸಿ ಹೇಳಿದವನು ಹರ್ಕ. ನಲವತ್ತು ದಾಟಿದ ಮನುಷ್ಯ, ನಾಲ್ಕು ಮಕ್ಕಳ ತಂದೆ. ರಾಜನನ್ನು ಚೋಗ್ಯಾಲ್ ಎನ್ನುತ್ತಾರೆ, ಧರ್ಮದಿಂದ ಆಳುವವನು ಎಂದರ್ಥ. ಎಲ್ಲರಿಗಿಂತ ಮೊದಲು ಆ ಬೆಟ್ಟದಲ್ಲಿದ್ದವರು ಲೆಪ್ಚಾ ಜನ. ಟಿಬೆಟ್ ಕಡೆಯಿಂದ ಬಂದವರು ಭೂಟಿಯಾ ಜನ, ರಾಜನೂ ಆಮಾನೂ ಆ ಪೈಕಿ. ಆಮೇಲೆ ಬಂದು ಗುಡ್ಡ ಕಡಿದು ಹೊಲ ಮಾಡಿದವರು ನೇಪಾಳಿಗಳು. ಅವರೇ ಈಗ ಹೆಚ್ಚಿನವರು. ಗಡಿ ಕಾಯುವುದು, ಹೊರದೇಶಗಳ ವ್ಯವಹಾರ, ಇವು ಭಾರತದ ಕೈಯಲ್ಲಿ. ಒಳಗಿನ ಆಡಳಿತ ರಾಜನದು. ಸಲಹೆಗೆ ಒಂದು ಸಭೆ ಉಂಟು, ಅದಕ್ಕೆ ಚುನಾವಣೆಯೂ ಉಂಟು.

"ಖರೆ, ಆದರ ನೋಡ್ರಿ ಸಿಸ್ಟರ್," ಎಂದ ಹರ್ಕ, "ಭೂಟಿಯಾ ಲೆಪ್ಚಾ ಮಂದಿಗಿ ಎಷ್ಟು ಸೀಟೋ ನಮಗೂ ಅಷ್ಟೇ. ನಾವು ಅವರಕಿಂತ ಎಷ್ಟೋ ಪಾಲು ಹೆಚ್ಚು ಅದೀವಿ. ಹಂಗಾದ್ರ ನನ್ನ ಒಂದು ವೋಟು ಪೂರಾ ಒಂದು ಆಗಲೇ ಇಲ್ಲಲ್ಲ?"

ಹರ್ಕ ಕಮ್ಮಾರರವನು. ನೇಪಾಳಿಗಳಲ್ಲಿ ಅವರನ್ನು ಕಾಮಿ ಎನ್ನುತ್ತಾರೆ, ಮುಟ್ಟಿಸಿಕೊಳ್ಳುವುದಿಲ್ಲ. ಆಸ್ಪತ್ರೆಯ ಚಹಾ ಕೋಣೆಯಲ್ಲಿ ಅವನ ಲೋಟ ಕಿಟಕಿಯ ಹೊರಗಿನ ಗೂಡಿನಲ್ಲಿ ಬೇರೆ ಇರುತ್ತಿತ್ತು. ಮೊದಲ ದಿನವೇ ಅದನ್ನು ಕಂಡಿದ್ದೆ. ಅಂಥದನ್ನು ಗುರುತಿಸಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ದಿನ ನನ್ನ ಲೋಟವನ್ನೂ ಒಯ್ದು ಅದರ ಪಕ್ಕದಲ್ಲಿಟ್ಟೆ. ಹರ್ಕ ಎರಡೂ ಲೋಟಗಳನ್ನು ನೋಡಿದ.

"ನಿಮ್ಮಲ್ಲೂ ಅದ ಏನ್ರಿ ಇದು?"

"ನಮ್ಮಲ್ಲಿಂದೇ ಇಲ್ಲಿಗಿ ಬಂದಿರಬೇಕು" ಎಂದೆ.

ಮರುವರ್ಷ ಪೇಟೆಯಲ್ಲಿ ಮೆರವಣಿಗೆಗಳು ಶುರುವಾದವು. ಒಬ್ಬ ಮನುಷ್ಯನಿಗೆ ಒಂದು ವೋಟು ಎಂಬ ಕೂಗು. ಹರ್ಕ ಕೆಲಸ ಮುಗಿಸಿ ಅದರಲ್ಲಿ ಹೋಗುತ್ತಿದ್ದ. ಆಮಾ ಕಿಟಕಿ ಮುಚ್ಚುತ್ತಿದ್ದರು. ಅವರ ಒಬ್ಬನೇ ಮಗ ತಾಶಿ ಅರಮನೆಯ ಕಾವಲುಪಡೆಯಲ್ಲಿ ಸಿಪಾಯಿ. "ನಾವು ಹಿಡಿಯಷ್ಟು ಮಂದಿ. ತಲಿ ಎಣಿಸಿದ್ರ ನಾವು ಉಳೀತೀವೇನು?" ಎಂದು ಕೇಳುತ್ತಿದ್ದರು. ಹಗಲೆಲ್ಲ ಹರ್ಕನ ಮಾತು ಸರಿ ಎನಿಸುತ್ತಿತ್ತು. ಸಂಜೆ ಒಲೆಯ ಮುಂದೆ ಕೂತರೆ ಆಮಾ ಹೇಳುವುದೂ ಸುಳ್ಳಲ್ಲ ಎನಿಸುತ್ತಿತ್ತು. ಇಬ್ಬರಲ್ಲಿ ಯಾರಿಗೂ ನನ್ನ ಮನಸ್ಸನ್ನು ಪೂರ್ತಿ ಹೇಳುವಂತಿರಲಿಲ್ಲ. ಅಂಥ ದಿನಗಳಲ್ಲೇ ಅಪ್ಪನ ಪತ್ರ ಬಂತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾರ, ಇನ್ನು ಮೇಲೆ ವಿಳಾಸ ಹಾಗೇ ಬರಿ ಎಂದಿತ್ತು. ಬರೆದೆ. ನಾನಿಲ್ಲದಾಗ ನಮ್ಮ ನಾಡಿನ ಹೆಸರು ಬದಲಾಗಿದ್ದು, ನನ್ನನ್ನು ಕೇಳದೆ ಬಾಗಿಲಿನ ಬೀಗ ಬದಲಿಸಿದಂತೆ ಅನಿಸಿತು.

ಅದಾದ ಒಂದೂವರೆ ವರ್ಷಕ್ಕೆ, ಏಪ್ರಿಲ್ ತಿಂಗಳಲ್ಲಿ, ರಾಜಧಾನಿಯಲ್ಲಿ ಭಾರತದ ಸೈನ್ಯ ಅರಮನೆಯ ಕಾವಲುಗಾರರ ಆಯುಧ ತೆಗೆದುಕೊಂಡಿತು ಎಂಬ ಸುದ್ದಿ ಬೆಟ್ಟ ಹತ್ತಿ ಬಂತು. ತಾಶಿ ಎಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಮಾ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಇಳಿದವರನ್ನೆಲ್ಲ ಕೇಳಿ ಬರುತ್ತಿದ್ದರು. ನನ್ನನ್ನು ಜೊತೆಗೆ ಕರೆಯಲಿಲ್ಲ.

ಕೆಲವೇ ದಿನಕ್ಕೆ ಮತದಾನ. ರಾಜ ಬೇಡ, ಭಾರತದೊಳಗೆ ಸೇರುತ್ತೇವೆ, ಇದಕ್ಕೆ ಒಪ್ಪಿಗೆಯೋ ಅಲ್ಲವೋ ಎಂಬ ಪ್ರಶ್ನೆ. ದಿನ ಏಪ್ರಿಲ್ ಹದಿನಾಲ್ಕು. ವಾಡಿಯ ನಮ್ಮ ಕೇರಿಯಲ್ಲಿ ಅಂದು ನೀಲಿ ಬಾವುಟ ಕಟ್ಟಿ, ಸಂವಿಧಾನ ಬರೆದವರ ಜಯಂತಿ ಮಾಡುತ್ತಾರೆ. ಎಲ್ಲರಿಗೂ ಒಂದೊಂದು ವೋಟು ಕೊಟ್ಟವರ ಜಯಂತಿ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಸಾಲನ್ನು ನೋಡುತ್ತಿದ್ದೆ. ಹರ್ಕ ಹೊಸ ಟೋಪಿ ಹಾಕಿಕೊಂಡು ಹೆಂಡತಿಯೊಂದಿಗೆ ಬಂದ. ವೋಟು ಹಾಕಿ ನೇರ ನನ್ನ ಬಳಿಗೆ ನಡೆದು ಬಂದ.

"ಇವತ್ತು ಪೂರಾ ಒಂದು ಆತು ಸಿಸ್ಟರ್" ಎಂದು ನಕ್ಕ. ನಾನೂ ನಕ್ಕೆ. ಅಪ್ಪ ಇಲ್ಲಿದ್ದರೆ ಅವನನ್ನು ತಬ್ಬಿಕೊಳ್ಳುತ್ತಿದ್ದ.

ಆಮಾ ವೋಟಿಗೆ ಹೋಗಿರಲಿಲ್ಲ. "ನನ್ನ ಮಗ ಎಲ್ಲಿ ಅದಾನ ಅಂತ ಮೊದಲ ಹೇಳ್ಲಿ. ಆಮ್ಯಾಲ ಕೇಳ್ಲಿ ನನಗ" ಎಂದು ಒಲೆಯ ಮುಂದೆ ಕೂತಿದ್ದರು. ನನ್ನ ಮುಖದಲ್ಲಿ ಹರ್ಕನ ನಗು ಇನ್ನೂ ಉಳಿದಿತ್ತೋ ಏನೋ, ನನ್ನನ್ನೇ ದಿಟ್ಟಿಸಿದರು. ಮರುದಿನ ಬೆಳಗ್ಗೆ ನಾನು ಏಳುವ ಮೊದಲೇ ಏಳೂ ಬಟ್ಟಲು ತುಂಬಿದ್ದವು. ಅದರ ಮರುದಿನವೂ. ಮೂರನೆಯ ದಿನ ಬೇಗ ಎದ್ದು ತಂಬಿಗೆ ಹಿಡಿದೆ. ಆಮಾ ಬಾಗಿಲಲ್ಲಿ ನಿಂತು, "ಒಳಗ ಬರಬ್ಯಾಡ ಮಗಳ" ಎಂದರು.

ಒಳಗೆ ಬರಬೇಡ ಎಂಬ ಮಾತನ್ನು ನಾನು ಎಳವೆಯಿಂದ ಕೇಳಿದ್ದೆ. ವಾಡಿಯಲ್ಲಿ ಕೇಳಿದಾಗೆಲ್ಲ ಮೈ ಉರಿದಿತ್ತು. ಅಂದು ಉರಿಯಲಿಲ್ಲ. ಆಮಾ ನನ್ನನ್ನು ತಡೆದದ್ದು ಜಾತಿಗಾಗಿ ಅಲ್ಲ, ಮಗನ ಆಯುಧ ಕಸಿದ ದೇಶದವಳೆಂದು. ತಂಬಿಗೆ ಅವರ ಕೈಗೆ ಕೊಟ್ಟು ಆಸ್ಪತ್ರೆಗೆ ನಡೆದೆ.

ಕೆಲವು ವಾರಗಳ ಬಳಿಕ ತಾಶಿ ಮನೆಗೆ ಬಂದ. ಮೈಮೇಲೆ ಸಮವಸ್ತ್ರವಿರಲಿಲ್ಲ. ದಿನಾ ಬೆಳಗ್ಗೆ ಬೂಟುಗಳನ್ನು ಉಜ್ಜಿ ಹೊಳೆಯಿಸಿ ಬಾಗಿಲ ಬಳಿ ಇಡುತ್ತಿದ್ದ, ಆಮೇಲೆ ಬರಿಗಾಲಲ್ಲಿ ಅಂಗಳದಲ್ಲಿ ಕೂತಿರುತ್ತಿದ್ದ. ಕೋಣೆ ಬಿಟ್ಟು ಬೇರೆಡೆ ಹೋಗಲೇ ಎಂದು ಕೇಳಿದರೆ ಆಮಾ, "ಹೋಗು ಅಂದಿಲ್ಲಲ್ಲ ನಾ" ಎಂದರು. ಇರು ಎಂದೂ ಹೇಳಲಿಲ್ಲ. ಒಂದೇ ಒಲೆಯ ಮೇಲೆ ಎರಡು ಅಡುಗೆಯಾಯಿತು.

ಆ ವರ್ಷ ರಜೆಗೆ ವಾಡಿಗೆ ಬಂದೆ. ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ಬಡಿಯಿತು, ಬೆಟ್ಟದ ಚಳಿಗೆ ಒಗ್ಗಿದ ಮೈ ಹಿಂಜರಿಯಿತು. ಮನೆಯ ಮುಂದೆ ಅಪ್ಪ ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಕಾಯುತ್ತಿದ್ದ.

"ಬಾ ಬಾ. ಈಗ ಅದೂ ನಮ್ದೇ ಆತಲ್ಲ!"

"ನಮ್ದಲ್ಲಪ್ಪಾ. ಅವರ್ದು."

ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅಪ್ಪನ ಮುಖ ಕಪ್ಪಿಟ್ಟಿತು. "ಮಂದಿ ವೋಟು ಹಾಕ್ಯಾರ. ವೋಟಿಗಿ ಬೆಲಿ ಇಲ್ಲೇನು? ನೀ ಯಾರ ಕಡಿಯಾಕಿ ಈಗ?"

ಟ್ರಂಕನ್ನು ಒಳಗೆ ಒಯ್ದಿಟ್ಟೆ. ಹರ್ಕನ ಕಡೆಯವಳು ಎನ್ನಬಹುದಿತ್ತು, ಅದೂ ನಿಜ.

ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಹಿಟ್ಟಿನಿಂದ ಕಣ್ಣು ಎತ್ತದೆ ಹೇಳಿದಳು:

"ನಿಜಾಮ ಹ್ವಾದಾಗ ನಿಮ್ಮಪ್ಪ ಕುಣದಾಡಿದ. ಕುಣೀಲಿ, ಭಾಳ ತ್ರಾಸ ಉಂಡಿದ್ದ. ನಮ್ಮ ಬಾಜೂ ಮನಿ ಬೀಬಿ ಮಾತ್ರ ಮೂರು ದಿನ ಒಲಿ ಹಚ್ಚಲಿಲ್ಲ. ಆಕಿ ಗಂಡ ನಿಜಾಮನ ಸುಂಕದ ನಾಕಾದಾಗ ಜವಾನ ಇದ್ದ, ಹ್ವಾದಾಂವ ಬಂದಿದ್ದಿಲ್ಲ. ನಾ ಏನ್ ಹೇಳ್ಲಿ ಆಕಿಗಿ? ರೊಟ್ಟಿ ಒಯ್ದು ಹೊಸ್ತಿಲ ಮ್ಯಾಲ ಇಟ್ಟು ಬಂದೆ."

"ತಿಂದಳೇನವ್ವಾ?"

"ತಿಂದಳು. ಮಾತಾಡಲಿಲ್ಲ. ಮಾತಾಡ್ಲಿ ಅಂತ ಒಯ್ದಿದ್ದಿಲ್ಲ ನಾನೂ."

ನಾನು ಹೊರಡುವ ದಿನ ಅವ್ವ ಇಪ್ಪತ್ತು ಖಡಕ್ ರೊಟ್ಟಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟಳು. ಜೋಳದ ರೊಟ್ಟಿಯನ್ನು ಕಾಯಿಸಿ ಗರಿಗರಿ ಒಣಗಿಸಿದರೆ ತಿಂಗಳು ಕೆಡುವುದಿಲ್ಲ. ಅಪ್ಪ ಸ್ಟೇಷನ್ನಿಗೆ ಬಂದು ಗಂಟನ್ನು ತಾನೇ ಹೊತ್ತು ರೈಲಿನ ಡಬ್ಬಿಯೊಳಗಿಟ್ಟ. ಗಾಡಿ ಅಲುಗಾಡಿದಾಗ, "ಆ ತಾಯಿಗಿ ನಾ ಕೇಳೀನಿ ಅಂತ ಹೇಳು" ಎಂದಷ್ಟೇ ಹೇಳಿದ.

ಮೂರು ಗಾಡಿ, ಒಂದು ಬಸ್ಸು, ಕೊನೆಗೆ ಜೀಪು. ರೊಟ್ಟಿಗಳು ಅರ್ಧಕ್ಕರ್ಧ ಮುರಿದಿದ್ದವು. ಗಂಟನ್ನು ಒಲೆಯ ಪಕ್ಕದ ಮಣೆಯ ಮೇಲೆ ಬಿಚ್ಚಿಟ್ಟೆ. ಆಮಾ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬೆಣ್ಣೆ ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಇದ್ದ ಕೆಲವೇ ಹಲ್ಲುಗಳಿಂದ ನಿಧಾನ ಅಗಿದರು. ಇನ್ನೊಂದು ಚೂರು ತೆಗೆದುಕೊಂಡರು. ಆಮೇಲೆ ನನ್ನ ಮುಂದೂ ಒಂದು ಬಟ್ಟಲು ಚಹಾ ಸುರಿದರು. ಎಷ್ಟೋ ತಿಂಗಳ ಮೇಲೆ ಅವರ ಕೈಯ ಚಹಾ.

ತಾಶಿ ಅಂಗಳದಿಂದ ಬಂದು ಬಾಗಿಲಲ್ಲಿ ನಿಂತ. ಆಮಾ ಅವನಿಗೊಂದು ಇಡೀ ರೊಟ್ಟಿ ಹುಡುಕಿ ಚಾಚಿದರು.

"ತಗೋ, ತಿನ್ನು. ಇವರ ದೇಶದ ರೊಟ್ಟಿ. ಛಲೋ ಅದ."

ಈಗ ಎರಡೂ ಒಂದೇ ದೇಶ. ಸರಕಾರದ ಕಾಗದದಲ್ಲಿ ಹಾಗೇ ಇತ್ತು, ಅಪ್ಪನೂ ಅದನ್ನೇ ಹೇಳಿದ್ದ. ಇವರ ದೇಶ ಎನ್ನುವಾಗ ಆಮಾ ನನ್ನ ಕಡೆ ಕೈ ತೋರಿಸಿದ್ದರು. ನಾನು ತಿದ್ದಲಿಲ್ಲ. ತಾಶಿ ಕೆಳಗೆ ಕೂತು ರೊಟ್ಟಿ ಮುರಿದ. ನಾನು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅವರಿಬ್ಬರೂ ತಿನ್ನುವುದನ್ನು ನೋಡುತ್ತ ಕೂತೆ.